ಗುರುವಾರದ ಕಾವು

ಗುರುವಾರ ಬೆಳಿಗ್ಗೆ ಒಂಬತ್ತೂಕಾಲಿಗೆ ಕರೆಂಟ್ ಹೋಯಿತು. ಪುಣೆಯಲ್ಲಿ ಇರುವವರಿಗೆ ಗುರುವಾರದ ವಿಷಯ ಗೊತ್ತು. ಲೈನ್ ರಿಪೇರಿಗೆ ಅಂತ ಕರೆಂಟ್ ತೆಗೆಯುವ ದಿನ ಅದು. ಎಲ್ಲ ವಾರ ತೆಗೆಯುವುದಿಲ್ಲ, ಎಲ್ಲ ಏರಿಯಾದಲ್ಲೂ ತೆಗೆಯುವುದಿಲ್ಲ, ಆದರೆ ತೆಗೆದರೆ ಗುರುವಾರವೇ. ಬೇರೆ ದಿನವಾಗಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವತ್ತು ನಮ್ಮ ಅಡುಗೆಮನೆ ಪಕ್ಕದ ಸಣ್ಣ ಕೋಣೆಯಲ್ಲಿ, ಹಳದಿ ಮುಚ್ಚಳದ ಇನ್‌ಕ್ಯುಬೇಟರ್ ಒಳಗೆ, ಅಂದರೆ ಮೊಟ್ಟೆಗೆ ಕಾವು ಕೊಡುವ ಪೆಟ್ಟಿಗೆಯಲ್ಲಿ, 20 ಕೋಳಿ ಮೊಟ್ಟೆ ಇದ್ದವು. ಒಂದು ಶನಿವಾರ ಸಂಜೆ ಇಟ್ಟಿದ್ದು. ಅವತ್ತಿಗೆ 19ನೇ ದಿನ, ಮರಿ ಹೊರಬರುವುದು 21ನೇ ದಿನಕ್ಕೆ.

ಪೆಟ್ಟಿಗೆಯೊಳಗಿನ ಸಣ್ಣ ಫ್ಯಾನಿನ ಗುಂಯ್ ಅನ್ನುವ ಸದ್ದು ನಿಂತಿತು. ಹತ್ತೊಂಬತ್ತು ದಿನದಿಂದ ಹಗಲೂ ರಾತ್ರಿ ಇದ್ದ ಸದ್ದು ಅದು, ಇದೆ ಅನ್ನುವುದೇ ಮರೆತುಹೋಗಿತ್ತು. ಅದು ನಿಂತ ಮೇಲೆ ಇನ್ನೊಂದು ಸದ್ದು ಕೇಳಿಸಿತು. ತುಂಬ ಸಣ್ಣದು. ಪೆಟ್ಟಿಗೆಗೆ ಕಿವಿ ಹಚ್ಚಿದೆ. ಮೊಟ್ಟೆಯೊಳಗಿನಿಂದ ಮರಿ ಕೂಗುತ್ತಿತ್ತು. ಚಿಪ್ಪಿನ ಮೇಲೆ ಒಂದು ಗೀರೂ ಇಲ್ಲ. ಒಳಗಿನ ಪೊರೆ ಒಡೆದು, ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿಯ ಜಾಗಕ್ಕೆ ಕೊಕ್ಕು ಹಾಕಿ, ಜೀವಮಾನದ ಮೊದಲ ಉಸಿರು ಎಳೆದುಕೊಂಡಿತ್ತು. ಆ ಉಸಿರಿನಲ್ಲೇ ಕೂಗುತ್ತಿತ್ತು.

ಅವ್ವನಿಗೆ ಫೋನ್ ಮಾಡಿದೆ. ಹಾವೇರಿ ಹತ್ತಿರದ ಹಳ್ಳಿಯಲ್ಲಿ ಅವ್ವ ನಲವತ್ತು ವರ್ಷದಿಂದ ಕೋಳಿ ಸಾಕಿದವಳು. ಒಂದು ಸಲವೂ ಥರ್ಮಾಮೀಟರ್ ಮುಟ್ಟಿದವಳಲ್ಲ.

"ಕಂಬಳಿ ಹೊಚ್ಚು ತಮ್ಮಾ. ಬಾಟ್ಲಿಗೆ ಬಿಸಿನೀರು ತುಂಬಿ ಬಾಜೂಕ ಇಡು. ಮುಚ್ಚಳಾ ಮಾತ್ರ ತೆಗೀಬ್ಯಾಡ. ಅವು ಈಗ ಸಣ್ಣ ತತ್ತಿ ಅಲ್ಲ, ಒಳಗ ಮರಿ ಆಗ್ಯಾವ. ಅವಕ್ಕೂ ತಮ್ಮ ಕಾವು ಇರತೈತಿ."

ಅವ್ವ ಹೇಳಿದ್ದು ಅಕ್ಷರಶಃ ನಿಜ. ಕೊನೆಯ ವಾರದ ಮೊಟ್ಟೆ ತಾನೇ ಬಿಸಿ ಹುಟ್ಟಿಸುತ್ತದೆ. ಮೊದಲ ವಾರದ ಮೊಟ್ಟೆಗೆ ಆ ಶಕ್ತಿ ಇಲ್ಲ. ಎರಡು ಕಂಬಳಿ ಹೊದಿಸಿದೆ, ನಾಲ್ಕು ಬಾಟಲಿ ಬಿಸಿನೀರು ಸುತ್ತ ಇಟ್ಟೆ. ಗಾಬರಿಯಲ್ಲಿ ಪೆಟ್ಟಿಗೆಯನ್ನು ಪೂರ್ತಿ ಸುತ್ತಿಬಿಟ್ಟಿದ್ದೆ. ನನ್ನ ಹೆಂಡತಿ ಬಂದು ನೋಡಿ, "ಗಾಳಿ ಎಲ್ಲಿಂದ ಹೋಗುತ್ತೆ?" ಅಂತ ಕೇಳಿದಳು. ಆ ಪ್ರಶ್ನೆಗೆ ನಾನು ಇವತ್ತಿಗೂ ಋಣಿ. ಕಡೆಯ ದಿನಗಳಲ್ಲಿ ಮರಿಗಳಿಗೆ ಆಮ್ಲಜನಕ ಜಾಸ್ತಿ ಬೇಕು. ತಣ್ಣಗಾಗಿ ಸಾಯುವುದಕ್ಕಿಂತ ಬೇಗ ಉಸಿರುಗಟ್ಟಿ ಸಾಯುತ್ತಿದ್ದವು. ಮೇಲಿನ ತೂತುಗಳ ಮೇಲಿಂದ ಕಂಬಳಿ ಸರಿಸಿದೆವು. ಗಂಟೆಗೊಮ್ಮೆ ಬಾಟಲಿಯ ನೀರು ಬದಲಾಯಿಸಿದೆ. ನವೆಂಬರ್ ಕೊನೆಯ ದಿನಗಳು, ಖಡಕ್‌ವಾಸ್ಲಾ ಕಡೆಯಿಂದ ತಣ್ಣನೆ ಗಾಳಿ ಬೇರೆ. 37.6 ಇದ್ದ ಕಾವು ಇಳಿಯುತ್ತಾ ಇಳಿಯುತ್ತಾ ಮಧ್ಯಾಹ್ನ 32ಕ್ಕೆ ಬಂತು. ಕರೆಂಟ್ ಬಂದಿದ್ದು ಸಂಜೆ ನಾಲ್ಕು ಗಂಟೆಗೆ.

ಅದು ನನ್ನ ಮೂರನೇ ಸಲ. ಮೊದಲ ಎರಡು ಸಲದ್ದನ್ನೂ ಹೇಳಬೇಕು, ಯಾಕಂದರೆ ಕಲಿತಿದ್ದೆಲ್ಲ ಅಲ್ಲೇ.

ನಾವಿರುವುದು ಸಿಂಹಗಡ ರಸ್ತೆ ದಾಟಿ, ಕಿರ್ಕಟವಾಡಿ ಕಡೆ. ಮನೆ ಹಿಂದೆ ಒಂದಿಷ್ಟು ಜಾಗ ಇದೆ, ನುಗ್ಗೆ ಮರ ಇದೆ, ಸೀಬೆ ಗಿಡ ಇದೆ. ಹದಿನಾಲ್ಕು ವರ್ಷ ಫ್ಲ್ಯಾಟಿನಲ್ಲಿ ಇದ್ದವನಿಗೆ ಮಣ್ಣು ಸಿಕ್ಕಿದ್ದೇ ದೊಡ್ಡದು. ಕೋಳಿ ಸಾಕಬೇಕು ಅನ್ನಿಸಿತು. ಅದೂ ಊರಿನ ಜವಾರಿ ಕೋಳಿ. ಇಲ್ಲಿ ಮರಾಠಿಯಲ್ಲಿ ಗಾವಠಿ ಅನ್ನುತ್ತಾರೆ. ಮಾರ್ಚ್ ತಿಂಗಳಲ್ಲಿ ಅವ್ವ ಸ್ಟೀಲ್ ಡಬ್ಬಿಯಲ್ಲಿ ಭತ್ತದ ಹೊಟ್ಟು ತುಂಬಿ, ಒಂದಕ್ಕೊಂದು ತಾಗದ ಹಾಗೆ 30 ಮೊಟ್ಟೆ ಜೋಡಿಸಿ, ಅಕ್ಕನ ಮಗನ ಕೈಲಿ ರಾತ್ರಿ ಬಸ್ಸಿಗೆ ಕಳಿಸಿದಳು. ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ ದಾಟಿ ಬೆಳಿಗ್ಗೆ ಬಂದು ಸೇರಿದವು. ಒಂದೂ ಒಡೆದಿರಲಿಲ್ಲ. ಖುಷಿಯಿಂದ ಅರ್ಧ ಗಂಟೆಯೊಳಗೆ ಪೆಟ್ಟಿಗೆಗೆ ಇಟ್ಟುಬಿಟ್ಟೆ.

ಅದು ಮೊದಲ ತಪ್ಪು. ರಾತ್ರಿಯೆಲ್ಲ ಬಸ್ಸಿನಲ್ಲಿ ಕುಲುಕಿದ ಮೊಟ್ಟೆಯೊಳಗೆ ಗಾಳಿಯ ಜಾಗ ಸಡಿಲವಾಗಿರುತ್ತದೆ. ಚೂಪು ತುದಿ ಕೆಳಗೆ ಮಾಡಿ ಹನ್ನೆರಡರಿಂದ ಇಪ್ಪತ್ನಾಲ್ಕು ಗಂಟೆ ಸುಮ್ನೆ ಬಿಡಬೇಕು, ಆಮೇಲೆ ಇಡಬೇಕು. ಎರಡನೆಯದು, ಪೆಟ್ಟಿಗೆಯ ಅಂಕಿಯನ್ನು ನಂಬಿದ್ದು. ಅದು 37.7 ತೋರಿಸುತ್ತಿತ್ತು, ಒಳಗೆ ನಿಜವಾಗಿ ಇದ್ದಿದ್ದು ಅದಕ್ಕಿಂತ ಒಂದು ಡಿಗ್ರಿ ಕಮ್ಮಿ. ಒಂದು ಡಿಗ್ರಿ ಅಂದರೆ ನಮಗೆ ಏನೂ ಅಲ್ಲ, ಫ್ಯಾನ್ ಒಂದು ಪಾಯಿಂಟ್ ಜಾಸ್ತಿ ಮಾಡಿದ ಹಾಗೆ. ಮೊಟ್ಟೆಗೆ ಅದು ಒಂದೋ ಎರಡೋ ದಿನ ತಡ. ತಡವಾದ ಮರಿಗೆ ಹೊರಗೆ ಬರಲು ಬಲ ಇರುವುದಿಲ್ಲ. ಈಗ ನಾನು ಬೇರೆ ಎರಡು ಥರ್ಮಾಮೀಟರ್ ಒಳಗೆ ಇಟ್ಟು, ಒಂದು ದಿನ ಖಾಲಿ ಪೆಟ್ಟಿಗೆ ಓಡಿಸಿ ನೋಡದೆ ಮೊಟ್ಟೆ ಇಡುವುದೇ ಇಲ್ಲ.

ಮೂರನೆಯದು ತೇವ. ಪುಣೆಯ ಬೇಸಿಗೆ ಒಣ ಬೇಸಿಗೆ. ಮಧ್ಯಾಹ್ನ ತುಟಿ ಒಡೆಯುವಷ್ಟು ಒಣ ಗಾಳಿ. ಮೊಟ್ಟೆಗೆ ಮೊದಲ 18 ದಿನ ಸುಮಾರು 50ರಿಂದ 55 ಶೇಕಡಾ ತೇವ ಬೇಕು, ಕೊನೆಯ ಮೂರು ದಿನ 65ರಿಂದ 70. ನನ್ನ ಪೆಟ್ಟಿಗೆಯಲ್ಲಿ 30ರ ಆಸುಪಾಸು ಇತ್ತು. ಆ ಅಂಕಿಯೂ ಕಣ್ಣೆದುರಿಗೇ ಇತ್ತು, ಅದರ ಅರ್ಥ ನನಗೆ ಗೊತ್ತಿರಲಿಲ್ಲ.

7ನೇ ದಿನ ಕತ್ತಲೆ ಕೋಣೆಯಲ್ಲಿ ಟಾರ್ಚ್ ಹಿಡಿದು ನೋಡಿದೆವು. ಆ ಕ್ಷಣವನ್ನು ಮರೆಯಲಾರೆ. ಮೊಟ್ಟೆ ಕೆಂಪಗೆ ಹೊಳೆಯಿತು. ಒಳಗೆ ಜೇಡದ ಹಾಗೆ ನಾಲ್ಕೂ ಕಡೆ ಹರಡಿದ ರಕ್ತನಾಳ, ನಡುವೆ ಒಂದು ಕಪ್ಪು ಚುಕ್ಕೆ. ಅದು ಕಣ್ಣು. ಅದು ಅಲ್ಲಾಡುತ್ತಿತ್ತು. ಮಗಳು ಉಸಿರು ಬಿಗಿಹಿಡಿದು ನಿಂತಿದ್ದಳು. 30ರಲ್ಲಿ 5 ಖಾಲಿ, 4ರಲ್ಲಿ ರಕ್ತ ಬಳೆಯ ಹಾಗೆ ನಿಂತುಬಿಟ್ಟಿತ್ತು. ಹಾಗೆ ಉಂಗುರ ಕಂಡರೆ ಜೀವ ಹೋಗಿದೆ ಅಂತ ಅರ್ಥ. ಉಳಿದ 21 ಮೊಟ್ಟೆ 18ನೇ ದಿನದವರೆಗೂ ಬಂದವು. ಅದರಲ್ಲಿ ಹೊರಗೆ ಬಂದಿದ್ದು 7.

ಹೊರಗೆ ಬಾರದ 14ರಲ್ಲಿ ಒಂದರ ಬಗ್ಗೆ ಹೇಳಬೇಕು. 22ನೇ ದಿನ ಅದು ಚಿಪ್ಪಿಗೆ ಒಂದು ತೂತು ಮಾಡಿತ್ತು. ನಕ್ಷತ್ರದ ಹಾಗೆ ಬಿರುಕು, ನಡುವೆ ಕೊಕ್ಕಿನ ತುದಿ. ಹತ್ತು ಗಂಟೆ ಆದರೂ ಮುಂದೆ ಹೋಗಲಿಲ್ಲ. ನನಗೆ ತಡೆಯಲಾಗಲಿಲ್ಲ. ಆಗಲೇ ಐದಾರು ಸಲ ಮುಚ್ಚಳ ತೆಗೆದು ನೋಡಿದ್ದೆ. ತೆಗೆದ ಪ್ರತಿ ಸಲ ತೇವ ಹಾರಿಹೋಗಿ ಒಳಗಿನ ಪೊರೆ ಒಣಗಿ ಮರಿಯ ಮೈಗೆ ಅಂಟಿಕೊಂಡಿತ್ತು. ಪ್ಲಾಸ್ಟಿಕ್ ಸುತ್ತಿದ ಹಾಗೆ. ಪಾಪ, ಸಹಾಯ ಮಾಡೋಣ ಅಂತ ಉಗುರಿನಿಂದ ಚಿಪ್ಪು ಬಿಡಿಸಿದೆ. ಪೊರೆಯಲ್ಲಿ ಇನ್ನೂ ರಕ್ತ ಹರಿಯುತ್ತಿತ್ತು. ಹೊರಗಿನಿಂದ ಸುಮ್ಮನಿರುವ ಹಾಗೆ ಕಂಡರೂ ಆ ಹೊತ್ತಿನಲ್ಲೇ ಮರಿ ಪೊರೆಯ ರಕ್ತವನ್ನೂ ಉಳಿದ ಹಳದಿಯನ್ನೂ ಹೊಟ್ಟೆಯೊಳಗೆ ಎಳೆದುಕೊಳ್ಳುತ್ತಿರುತ್ತದೆ. ನಾನು ಆ ನಾಳಗಳನ್ನೇ ಹರಿದೆ. ಕೈ ತುಂಬ ರಕ್ತ. ಮರಿ ನನ್ನ ಅಂಗೈಯಲ್ಲಿ ಎರಡು ಸಲ ಬಾಯಿ ತೆರೆದು ಮುಚ್ಚಿತು. ಅಷ್ಟೇ.

ಅವ್ವ ಬೈಯಲಿಲ್ಲ. "ಕೋಳಿ ಕಾವಿಗೆ ಕುಂತಾಗ ನಾವು ಬುಟ್ಟಿ ಎತ್ತಿ ಎತ್ತಿ ನೋಡತಿದ್ವೇನು?" ಅಂತ ಕೇಳಿದಳು, ಅಷ್ಟೇ. ಆ ಪ್ರಶ್ನೆ ನನ್ನ ತಲೆಯಲ್ಲಿ ಕೂತುಬಿಟ್ಟಿತು. ಚಿಕ್ಕವನಿದ್ದಾಗ ನೋಡಿದ್ದನ್ನೆಲ್ಲ ಮತ್ತೆ ನೆನಪು ಮಾಡಿಕೊಳ್ಳಲು ಶುರು ಮಾಡಿದೆ.

ಅಡುಗೆಮನೆ ಮೂಲೆಯಲ್ಲಿ ಬಿದಿರಿನ ಬುಟ್ಟಿ. ತಳಕ್ಕೆ ಬೂದಿ, ಮೇಲೆ ಹುಲ್ಲು. ಯಾವಾಗಲೂ ಬೆಸ ಸಂಖ್ಯೆ, 11 ಇಲ್ಲ 13. ಸಿಡಿಲಿಗೆ ಮೊಟ್ಟೆ ಕೆಡಬಾರದು ಅಂತ ಒಂದು ಕಬ್ಬಿಣದ ಚೂರು, ಒಂದು ಇದ್ದಿಲು. ಕೋಳಿ ಮೇಲೆ ಕೂತರೆ ರೆಕ್ಕೆ ಅಗಲಿಸಿ ಚಪ್ಪಟೆಯಾಗಿಬಿಡುತ್ತಿತ್ತು. ಎದೆಯ ಗರಿ ಉದುರಿ ಬರೀ ಚರ್ಮ ಇರುತ್ತಿತ್ತು, ಮುಟ್ಟಿದರೆ ಜ್ವರ ಬಂದವರ ಹಾಗೆ ಬಿಸಿ. ದಿನಕ್ಕೆ ಒಂದು ಸಲ ಎದ್ದು ಹೋಗಿ, ಕಾಳು ತಿಂದು, ನೀರು ಕುಡಿದು, ಮಣ್ಣಿನಲ್ಲಿ ಹೊರಳಾಡಿ, ಇಪ್ಪತ್ತು ನಿಮಿಷದೊಳಗೆ ವಾಪಸ್. ಕೂತ ಕೂಡಲೇ ಕೊಕ್ಕಿನಿಂದ ಮೊಟ್ಟೆಗಳನ್ನು ಒಂದೊಂದಾಗಿ ಒಳಗೆ ಎಳೆದುಕೊಂಡು ತಿರುಗಿಸುತ್ತಿತ್ತು. ಹೊರಗಿನದು ನಡುವಿಗೆ, ನಡುವಿನದು ಹೊರಗೆ.

ಪೆಟ್ಟಿಗೆಯ ಮೇಲಿರುವ ಒಂದೊಂದು ಗುಂಡಿಯೂ ಆ ಕೋಳಿಯ ಒಂದೊಂದು ಕೆಲಸ. ಕಾವಿನ ಅಂಕಿ ಅದರ ಎದೆಯ ಚರ್ಮ. ತಿರುಗಿಸುವ ಮೋಟರ್ ಅದರ ಕೊಕ್ಕು. ತಿರುಗಿಸದಿದ್ದರೆ ಬೆಳೆಯುತ್ತಿರುವ ಮರಿ ಒಂದೇ ಕಡೆ ಪೊರೆಗೆ ಅಂಟಿಕೊಳ್ಳುತ್ತದೆ. 18ನೇ ದಿನ ಆದ ಮೇಲೆ ತಿರುಗಿಸಬಾರದು, ಮುಚ್ಚಳ ತೆಗೆಯಬಾರದು ಅನ್ನುವ ನಿಯಮ ಇದೆಯಲ್ಲ, ಅದನ್ನು ಕೋಳಿ ಯಾವ ಪುಸ್ತಕ ಓದಿ ಕಲಿತಿದ್ದೂ ಅಲ್ಲ. ಒಳಗಿನಿಂದ ಮರಿ ಕೂಗಲು ಶುರು ಮಾಡಿದರೆ ತಾಯಿ ಬುಟ್ಟಿ ಬಿಟ್ಟು ಏಳುವುದೇ ಇಲ್ಲ. ಗಂಟಲಿನಲ್ಲೇ ಕುರ್ ಕುರ್ ಅಂತ ಉತ್ತರ ಕೊಡುತ್ತಾ ಕೂತಿರುತ್ತದೆ.

ಮನುಷ್ಯ ಈ ಕೆಲಸವನ್ನು ಕೋಳಿಯಿಂದ ಎರವಲು ಪಡೆದು ತುಂಬ ಕಾಲವಾಯಿತು. ಈಜಿಪ್ಟಿನಲ್ಲಿ ಸಾವಿರಾರು ವರ್ಷದಿಂದ ಮಣ್ಣಿನ ಗೂಡು ಕಟ್ಟಿ, ಸಗಣಿ ಬೆರಣಿ ಉರಿಸಿ, ಒಂದೇ ಸಲಕ್ಕೆ ಸಾವಿರಗಟ್ಟಲೆ ಮರಿ ಮಾಡುತ್ತಿದ್ದರು. ಅಲ್ಲಿನ ಕೆಲಸಗಾರರು ಮೊಟ್ಟೆಯನ್ನು ಕಣ್ಣಿನ ರೆಪ್ಪೆಗೆ ತಾಗಿಸಿ ಕಾವು ಸರಿ ಇದೆಯಾ ಅಂತ ತಿಳಿಯುತ್ತಿದ್ದರಂತೆ. ಇದನ್ನು ಓದಿದಾಗ ಮೈ ಜುಮ್ಮೆಂದಿತು. ಅವ್ವನೂ ಅದನ್ನೇ ಮಾಡುತ್ತಿದ್ದಳು. ಬುಟ್ಟಿಯಿಂದ ಒಂದು ಮೊಟ್ಟೆ ತೆಗೆದು, ಕಣ್ಣು ಮುಚ್ಚಿ, ರೆಪ್ಪೆಗೆ ಒತ್ತಿ, ಮತ್ತೆ ಒಳಗೆ ಇಡುತ್ತಿದ್ದಳು.

ಎರಡನೇ ಸಲ ಜುಲೈನಲ್ಲಿ. ಒಣಗಿ ಸತ್ತ ಮರಿಗಳ ನೆನಪಿನಲ್ಲಿ ಪೆಟ್ಟಿಗೆಯ ಎರಡೂ ತೊಟ್ಟಿಗೆ ನೀರು ತುಂಬಿದೆ. ಹೊರಗೆ ಜಡಿಮಳೆ, ಗಾಳಿಯೇ ಒದ್ದೆ. ಈ ಸಲ ತೇವ ಜಾಸ್ತಿಯಾಗಿ ಮರಿಗಳು ಊದಿಕೊಂಡು, ಗಾಳಿಯ ಜಾಗ ಚಿಕ್ಕದಾಗಿ, ಅರ್ಧಕ್ಕರ್ಧ ಒಳಗೇ ಮುಳುಗಿದವು. 24ರಲ್ಲಿ 11 ಬಂದವು. ಆಮೇಲೆ ಗೊತ್ತಾಯಿತು, ತೇವದ ಅಂಕಿ ಹಿಂದೆ ಓಡುವುದಕ್ಕಿಂತ ತಕ್ಕಡಿ ಮೇಲೆ ನಂಬಿಕೆ ಇಡುವುದು ಒಳ್ಳೆಯದು. ಮೊಟ್ಟೆ 18ನೇ ದಿನಕ್ಕೆ ತನ್ನ ತೂಕದ ಶೇಕಡಾ 12, 13ರಷ್ಟು ಕಳೆದುಕೊಳ್ಳಬೇಕು. 50 ಗ್ರಾಂ ಇದ್ದಿದ್ದು 44ರ ಹತ್ತಿರ ಬರಬೇಕು. ಬೇಗ ಇಳಿದರೆ ನೀರು ಸೇರಿಸಿ, ಇಳಿಯದಿದ್ದರೆ ನೀರು ತೆಗೆಯಿರಿ. ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಪುಣೆಯಂಥ ಊರಿನಲ್ಲಿ, ಮಾರ್ಚಿಗೂ ಜುಲೈಗೂ ಸಂಬಂಧವೇ ಇಲ್ಲದ ಹವೆಯಲ್ಲಿ, ಇದೊಂದೇ ನನ್ನ ಕೈಹಿಡಿದ ಲೆಕ್ಕ.

ಮತ್ತೆ ಆ ಗುರುವಾರಕ್ಕೆ ಬರುತ್ತೇನೆ.

ರಾತ್ರಿ ಹನ್ನೊಂದಕ್ಕೆ ಮೊದಲ ಬಿರುಕು. ಕೊಕ್ಕಿನ ತುದಿಯಲ್ಲಿ ಮರಿಗೆ ಒಂದು ಬಿಳಿ ಗಟ್ಟಿ ಚುಕ್ಕೆ ಇರುತ್ತದೆ, ಸಾಸಿವೆ ಕಾಳಿಗಿಂತ ಚಿಕ್ಕದು. ಚಿಪ್ಪು ಒಡೆಯುವುದಕ್ಕೆ ಅಂತಲೇ ಬಂದು, ಕೆಲವು ದಿನಕ್ಕೆ ಉದುರಿಹೋಗುತ್ತದೆ. ಶುಕ್ರವಾರ ಬೆಳಗಿನ ಜಾವಕ್ಕೆ 9 ಮೊಟ್ಟೆಯಲ್ಲಿ ಬಿರುಕು. ನಾನು ಕೈಕಟ್ಟಿ ಕೂತೆ. ಮುಚ್ಚಳದ ಗಾಜಿನಿಂದಷ್ಟೇ ನೋಡಿದೆ. ಒಂದು ಮರಿ ಮಧ್ಯಾಹ್ನ ಕೆಲಸ ಶುರು ಮಾಡಿತು. ಒಳಗೇ ಸ್ವಲ್ಪ ಸ್ವಲ್ಪ ತಿರುಗುತ್ತಾ, ಚಿಪ್ಪಿನ ದಪ್ಪ ತುದಿಯ ಸುತ್ತ ಕತ್ತರಿಸುತ್ತಾ ಹೋಯಿತು. ಒಂದು ಕೊಕ್ಕಿನ ಏಟು, ಮೂರು ನಿಮಿಷ ವಿಶ್ರಾಂತಿ. ಮತ್ತೆ ಒಂದು ಏಟು. ಮುಕ್ಕಾಲು ಸುತ್ತು ಆದ ಮೇಲೆ ಕಾಲು ಒತ್ತಿ ಬೆನ್ನು ಎತ್ತಿತು, ಟೋಪಿ ಕಳಚಿದ ಹಾಗೆ ಚಿಪ್ಪು ಬಿಟ್ಟಿತು. ಒದ್ದೆ, ಬಡಕಲು, ಕುತ್ತಿಗೆ ನಿಲ್ಲುತ್ತಿಲ್ಲ. ಎರಡು ಗಂಟೆಯಲ್ಲಿ ಅದೇ ಮರಿ ಒಣಗಿ, ಉಬ್ಬಿ, ಹತ್ತಿ ಉಂಡೆಯಾಗಿ ಪಕ್ಕದ ಮೊಟ್ಟೆಯ ಮೇಲೆ ಹತ್ತಿ ನಿಂತಿತ್ತು.

ಶನಿವಾರ ಸಂಜೆಗೆ 17 ಮರಿ. ಎರಡು ಮೊಟ್ಟೆ ಸುಮ್ಮನಿದ್ದವು. ಇನ್ನೊಂದು ಚೂಪು ತುದಿಯಲ್ಲಿ ಬಿರುಕು ಬಿಟ್ಟಿತ್ತು. ಅಂದರೆ ಮರಿ ಉಲ್ಟಾ ಕೂತಿದೆ, ಗಾಳಿಯ ಜಾಗ ಅದಕ್ಕೆ ಸಿಕ್ಕಿಲ್ಲ. ಅದಕ್ಕಾಗಿ 24 ಗಂಟೆ ಕಾದೆ. ಆಮೇಲೂ ಮುಂದೆ ಹೋಗದಿದ್ದಾಗ, ಉಗುರುಬೆಚ್ಚನೆ ನೀರಿನಲ್ಲಿ ಹತ್ತಿ ಅದ್ದಿ ಪೊರೆ ಒದ್ದೆ ಮಾಡಿ, ಟಾರ್ಚ್ ಬೆಳಕಿನಲ್ಲಿ ನೋಡಿದೆ. ಪೊರೆ ಬೆಳ್ಳಗಿತ್ತು, ಕೆಂಪು ನಾಳ ಒಂದೂ ಇಲ್ಲ. ಆಗ ಮಾತ್ರ ಚಿಪ್ಪನ್ನು ಚೂರು ಚೂರೇ ತೆಗೆದೆ. ನಡುವೆ ನಿಲ್ಲಿಸಿ ಒಂದು ಗಂಟೆ ಬಿಟ್ಟೆ, ಮತ್ತೆ ತೆಗೆದೆ. ಕೊನೆಯ ಒದೆತ ಅದೇ ಕೊಟ್ಟಿತು. 18. ಕಾಲ್ಬೆರಳು ಸೊಟ್ಟಗಿತ್ತು, ಎರಡು ದಿನ ಸಣ್ಣ ಟೇಪ್ ಹಚ್ಚಿದೆ, ಸರಿಹೋಯಿತು. ಕೈ ಹಾಕಲೇಬಾರದು ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಯಾವಾಗ ಹಾಕಬೇಕು ಅಂತ ಗೊತ್ತಾಗಲು ನನಗೆ ಒಂದು ಜೀವ ಬೇಕಾಯಿತು, ಅದು ನನಗೆ ಇನ್ನೂ ನೋವು.

ಮರಿ ಬಂದ ಮೇಲಿನ ಕೆಲಸದ ಬಗ್ಗೆ ಜನ ಕಮ್ಮಿ ಮಾತಾಡುತ್ತಾರೆ. ಮೊದಲ ಎರಡು ದಿನ ಅವು ತಿನ್ನದಿದ್ದರೂ ನಡೆಯುತ್ತದೆ, ಹೊಟ್ಟೆಯಲ್ಲಿ ಹಳದಿ ಇರುತ್ತದೆ. ಆದರೆ ಕಾವು ಮೊದಲಿನಿಂದಲೇ ಬೇಕು. ಮೊದಲ ವಾರ 35 ಡಿಗ್ರಿ, ಆಮೇಲೆ ವಾರಕ್ಕೆ ಮೂರರಂತೆ ಇಳಿಸುತ್ತಾ ಹೋಗಬೇಕು. ಹಳೆಯ 60 ವ್ಯಾಟಿನ ಬಲ್ಬ್ ಹುಡುಕಿ ಬುಧವಾರ ಪೇಠೆಯ ತಾಪ್ಕೀರ್ ಗಲ್ಲಿಯಲ್ಲಿ ಅಂಗಡಿಯಿಂದ ಅಂಗಡಿಗೆ ತಿರುಗಿದೆ. ಎಲ್ಲ ಕಡೆ ಎಲ್‌ಇಡಿ. ಎಲ್‌ಇಡಿ ಬೆಳಕು ಕೊಡುತ್ತದೆ, ಕಾವು ಕೊಡುವುದಿಲ್ಲ. ಕಾವು ಸರಿ ಇದೆಯಾ ಅಂತ ಮರಿಗಳನ್ನೇ ಕೇಳಬೇಕು. ಬಲ್ಬಿನ ಕೆಳಗೆ ಒತ್ತೊತ್ತಾಗಿ ಗುಡ್ಡೆ ಬಿದ್ದು ಚೀರುತ್ತಿದ್ದರೆ ಚಳಿ. ಮೂಲೆಗೆ ಓಡಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಸೆಕೆ. ಡಬ್ಬಿ ತುಂಬ ಹರಡಿಕೊಂಡು ಮಲಗಿದ್ದರೆ ನೀವೂ ಹೋಗಿ ಮಲಗಬಹುದು. ಪೇಪರ್ ಹಾಸಬೇಡಿ, ಜಾರಿ ಕಾಲು ಅಗಲವಾಗಿಬಿಡುತ್ತದೆ. ಗೋಣಿಚೀಲ ಹಾಸಿ. ನೀರಿನ ತಟ್ಟೆಯಲ್ಲಿ ಬೆಣಚುಕಲ್ಲು ಹಾಕಿ, ಇಲ್ಲದಿದ್ದರೆ ಎರಡು ಬೆರಳು ನೀರಿನಲ್ಲೂ ಮುಳುಗುತ್ತವೆ.

ರಾಣಿಖೇತ್ ರೋಗದ ಲಸಿಕೆಯನ್ನು ಬಿಡಲೇಬೇಡಿ. ಉತ್ತರಾಖಂಡದ ಒಂದು ಚಂದದ ಊರಿನ ಹೆಸರು ಹೊತ್ತ ಈ ರೋಗ ಬಂದರೆ ಒಂದು ವಾರದಲ್ಲಿ ಹಿತ್ತಲು ಖಾಲಿ. ನಮ್ಮ ಊರಿನಲ್ಲಿ ಚಿಕ್ಕವನಿದ್ದಾಗ ನೋಡಿದ್ದೇನೆ. ಕುತ್ತಿಗೆ ತಿರುಚಿಕೊಂಡು, ಹಸಿರು ಹಿಕ್ಕೆ ಹಾಕುತ್ತಾ, ಬೆಳಿಗ್ಗೆ ನಾಲ್ಕು, ಸಂಜೆ ಆರು ಹಾಗೆ ಹೋಗುತ್ತಿದ್ದವು. ಮರಿಗೆ 5ರಿಂದ 7 ದಿನದೊಳಗೆ ಕಣ್ಣಿಗೆ ಒಂದು ಹನಿ. ಕಷ್ಟ ಏನಂದರೆ ಲಸಿಕೆಯ ಚಿಕ್ಕ ಶೀಶೆ ಅಂದರೂ ನೂರು ಕೋಳಿಗಾಗುವಷ್ಟು ಇರುತ್ತದೆ, ಕಲೆಸಿದ ಮೇಲೆ ಒಂದೆರಡು ಗಂಟೆಯಲ್ಲಿ ಮುಗಿಸಬೇಕು. ಹದಿನೆಂಟು ಮರಿಗೆ ಒಂದು ಶೀಶೆ ಒಡೆಯುವುದಾ ಅಂತ ಬಿಟ್ಟುಬಿಡುವವರೇ ಜಾಸ್ತಿ. ಪುಣೆ ಕನ್ನಡ ಸಂಘದ ಒಂದು ಕಾರ್ಯಕ್ರಮದಲ್ಲಿ ಸಿಕ್ಕ ಧಾರವಾಡದವರೊಬ್ಬರು ಧಾಯರಿಯಲ್ಲಿ ಕೋಳಿ ಸಾಕುತ್ತಾರೆ ಅಂತ ಗೊತ್ತಾಯಿತು. ಈಗ ನಾವು ಮೂರು ಮನೆಯವರು ದಿನ ಗೊತ್ತು ಮಾಡಿಕೊಂಡು, ಥರ್ಮಾಸಿನಲ್ಲಿ ಐಸ್ ಹಾಕಿ ಒಂದೇ ಶೀಶೆ ತಂದು, ಒಂದೇ ಮಧ್ಯಾಹ್ನ ಮೂರೂ ಮನೆ ತಿರುಗುತ್ತೇವೆ. ಮನೆಯೊಳಗಿನ ಚಪ್ಪಲಿ, ಕೋಳಿಗೂಡಿನ ಚಪ್ಪಲಿ ಬೇರೆ ಬೇರೆ. ದೇಶದಲ್ಲಿ ಮೊದಲ ಸಲ ಹಕ್ಕಿಜ್ವರ ಕಾಣಿಸಿಕೊಂಡಿದ್ದು ನಮ್ಮ ಇದೇ ಮಹಾರಾಷ್ಟ್ರದ ನವಾಪುರದಲ್ಲಿ, 2006ರ ಫೆಬ್ರುವರಿಯಲ್ಲಿ. ದೊಡ್ಡ ಫಾರಮ್ಮುಗಳ ಜೊತೆ ಸುತ್ತಲಿನ ಹಿತ್ತಲ ಕೋಳಿಗಳನ್ನೂ ಕೊಲ್ಲಬೇಕಾಯಿತು. ನಾಲ್ಕು ಕೋಳಿ ಇಟ್ಟವರಿಗೂ ಊರಿನ ಮೇಲೆ ಒಂದು ಜವಾಬ್ದಾರಿ ಇದೆ.

ಈಗ ಹುಂಜದ ವಿಷಯ. ನಾನು ಈ ಬರಹಕ್ಕೆ ಕೂತಿದ್ದೇ ಇದಕ್ಕಾಗಿ.

ಆರು ವಾರಕ್ಕೆ ತಲೆಯ ಜುಟ್ಟು ಕೆಂಪಾಗುತ್ತಾ ಬಂತು. 18ರಲ್ಲಿ 10 ಹುಂಜ, 8 ಹೇಟೆ. ಅವ್ವ ಫೋನಿನಲ್ಲಿ ಮೊದಲು ಕೇಳಿದ್ದೇ ಅದು. "ಹುಂಜ ಎಷ್ಟು ಬಂದಾವ? ಹತ್ತು ತತ್ತಿ ಇಟ್ಟರ ಐದು ಹುಂಜ ಅಂತ ಲೆಕ್ಕ ಇಟಗೊಂಡ ಇಡಬೇಕು ತಮ್ಮಾ." ನಾನು ಮರಿಗಳ ಲೆಕ್ಕ ಮಾತ್ರ ಇಟ್ಟಿದ್ದೆ. ಎಂಟು ಹತ್ತು ಹೇಟೆಗೆ ಒಂದು ಹುಂಜ ಸಾಕು. ಜಾಸ್ತಿ ಇದ್ದರೆ ಹೇಟೆಗಳ ಬೆನ್ನಿನ ಗರಿಯೆಲ್ಲ ಉದುರುತ್ತದೆ, ಹುಂಜಗಳು ರಕ್ತ ಬರುವ ಹಾಗೆ ಕಾದಾಡುತ್ತವೆ. ನಾಲ್ಕನೇ ತಿಂಗಳಿಗೆ ಬೆಳಗಿನ ನಾಲ್ಕು ಗಂಟೆಗೆ ಹತ್ತೂ ಹುಂಜ ಒಂದಾದ ಮೇಲೊಂದು ಕೂಗಲು ಶುರು ಮಾಡಿದವು. ಪಕ್ಕದ ಮನೆಯ ಕಾಕೂ ಒಂದು ದಿನ ಬಂದರು. ಜಗಳಕ್ಕೆ ಬಂದಿದ್ದಲ್ಲ. ಗೇಟಿನ ಹತ್ತಿರ ನಿಂತು, ಕಾಕಾಗೆ ಹೃದಯದ ಆಪರೇಷನ್ ಆಗಿದೆ, ರಾತ್ರಿ ನಿದ್ದೆ ಬರುವುದೇ ಮೂರು ಗಂಟೆಗೆ, ಏನಾದರೂ ಮಾಡಲಿಕ್ಕೆ ಆಗುತ್ತಾ ಅಂತ ಕೇಳಿದರು. ಕೈ ಮುಗಿದು ಕೇಳಿದರು. ನನಗೆ ತುಂಬ ಬೇಸರವಾಯಿತು.

ಮೊಟ್ಟೆ ಕೋಳಿಯ ದೊಡ್ಡ ಹ್ಯಾಚರಿಗಳಲ್ಲಿ ಈ ಪ್ರಶ್ನೆಯನ್ನು ಮೊದಲ ದಿನವೇ ಮುಗಿಸುತ್ತಾರೆ. ಗಂಡು ಮರಿ ಮೊಟ್ಟೆ ಇಡುವುದಿಲ್ಲ, ಮಾಂಸಕ್ಕೂ ಬೇಗ ಬೆಳೆಯುವುದಿಲ್ಲ ಅಂತ ಹುಟ್ಟಿದ ದಿನವೇ ಕೊಲ್ಲುವುದು ಪ್ರಪಂಚದ ಬಹುತೇಕ ಕಡೆ ನಡೆದುಬಂದ ಪದ್ಧತಿ. ಜರ್ಮನಿ 2022ರಿಂದ ಇದನ್ನು ನಿಷೇಧಿಸಿದೆ. ಹಿತ್ತಲಿನಲ್ಲಿ ಪೆಟ್ಟಿಗೆ ಇಟ್ಟು ಮರಿ ಮಾಡುವ ನಾವು ಅದರಿಂದ ದೂರ ಇದ್ದೇವೆ ಅಂದುಕೊಳ್ಳುತ್ತೇವೆ. ಆದರೆ ಸ್ವಿಚ್ ಹಾಕಿದ ಕೂಡಲೇ ಅರ್ಧ ಹುಂಜಗಳ ಪ್ರಶ್ನೆ ನಮ್ಮ ಮನೆಗೂ ಬಂದಾಯಿತು. ಅದಕ್ಕೇ ಹೇಳುತ್ತೇನೆ, ಇದನ್ನು ಮೊಟ್ಟೆ ಇಡುವ ಮುಂಚೆ ಮನೆಯವರೆಲ್ಲ ಕೂತು ಮಾತಾಡಿ. ಮಕ್ಕಳನ್ನೂ ಕೂರಿಸಿಕೊಳ್ಳಿ. ತಿನ್ನುತ್ತೀರಾ, ಯಾರಿಗಾದರೂ ಕೊಡುತ್ತೀರಾ, ಕೊಟ್ಟವರು ಏನು ಮಾಡುತ್ತಾರೆ ಅಂತ ತಿಳಿದು ಕೊಡುತ್ತೀರಾ. ಮೂರಕ್ಕೂ ಉತ್ತರ ಇಲ್ಲದಿದ್ದರೆ ಪೆಟ್ಟಿಗೆ ತರಬೇಡಿ, ಬೆಳೆದ ಹೇಟೆಗಳನ್ನೇ ನಾಲ್ಕು ಕೊಂಡು ಸಾಕಿ.

ನಾವು ಮಾಡಿದ್ದು ಇಷ್ಟು. ಒಂದನ್ನು ಉಳಿಸಿಕೊಂಡೆವು, ರಾತ್ರಿ ಅದನ್ನು ಮನೆಯ ಆ ಪಕ್ಕದ ಕತ್ತಲೆ ಕೋಣೆಯಲ್ಲಿ ಮಲಗಿಸುತ್ತೇವೆ, ಏಳು ಗಂಟೆಗೆ ಬಿಡುತ್ತೇವೆ. ವೆಲ್ಹೆ ಕಡೆಯ ಒಬ್ಬ ರೈತರು ಏಳು ಹುಂಜ ತೆಗೆದುಕೊಂಡು ಹೋದರು. ಅವರು ಊರ ಜಾತ್ರೆಗೆ ಕೊಯ್ಯುತ್ತಾರೆ ಅಂತ ಗೊತ್ತಿದ್ದೇ ಕೊಟ್ಟೆ. ಎರಡನ್ನು ನಾವೇ ಅಡುಗೆ ಮಾಡಿದೆವು. ನಾನೇ ಕೊಯ್ದೆ, ಅವ್ವ ಊರಿನಿಂದ ಬಂದಾಗ, ಅವ್ವನ ಕೈಕೆಳಗೆ. ಮಗಳು ಅವತ್ತು ಊಟ ಮಾಡಲಿಲ್ಲ. ನಾನು ಒತ್ತಾಯ ಮಾಡಲಿಲ್ಲ. ರಾತ್ರಿ ಪಕ್ಕದಲ್ಲಿ ಬಂದು ಮಲಗಿ, "ಅಪ್ಪಾ, ಅದು ಆ ಗುರುವಾರದ್ದಾ?" ಅಂತ ಕೇಳಿದಳು. ಹೌದು ಅಂದೆ. ಎಲ್ಲವೂ ಆ ಗುರುವಾರದ್ದೇ.

ಜುಲೈನಲ್ಲಿ ಹೇಟೆಗಳು ಮೊಟ್ಟೆ ಇಡಲು ಶುರು ಮಾಡಿದವು. ಸಣ್ಣ, ತಿಳಿಗಂದು ಬಣ್ಣದ ಮೊಟ್ಟೆ. ಆಗಸ್ಟ್ ಕೊನೆಗೆ ಅದರಲ್ಲಿ ಒಂದು, ಕಪ್ಪು ಮೈಗೆ ಕೆಂಪು ಕುತ್ತಿಗೆಯದು, ಗೂಡು ಬಿಟ್ಟು ಏಳಲೇ ಇಲ್ಲ. ಕೈ ಹಾಕಿದರೆ ಗರಿ ಕೆದರಿ ಕುಟುಕಲು ಬಂತು. ಎದುರುಮನೆಯ ಆಜಿ ಬೇಲಿಯಾಚೆಯಿಂದಲೇ ನೋಡಿ, "ಖುಡೂಕ್ ಝಾಲೀ" ಅಂದರು. ಕಾವಿಗೆ ಕೂತ ಕೋಳಿಗೆ ಮರಾಠಿಯ ಮಾತು ಅದು. ಮೊಟ್ಟೆಗಾಗಿಯೇ ಬೆಳೆಸಿದ ತಳಿಗಳಲ್ಲಿ ಈ ಗುಣವನ್ನು ತೆಗೆದುಹಾಕಿದ್ದಾರೆ, ಯಾಕಂದರೆ ಕಾವಿಗೆ ಕೂತ ಕೋಳಿ ಮೊಟ್ಟೆ ಇಡುವುದು ನಿಲ್ಲಿಸುತ್ತದೆ. ವರ್ಷಕ್ಕೆ ಮುನ್ನೂರು ಮೊಟ್ಟೆಯ ಬಿಳಿ ಕೋಳಿಗೆ ಮರಿ ಮಾಡುವುದು ಗೊತ್ತಿಲ್ಲ. ಜವಾರಿ ಕೋಳಿ ವರ್ಷಕ್ಕೆ ಅರವತ್ತರ ಆಸುಪಾಸು ಇಡುತ್ತದೆ, ಆದರೆ ಇದನ್ನು ಮರೆತಿಲ್ಲ.

ಈ ಹೇಟೆ ತಾಯಿಯನ್ನು ನೋಡಿಯೇ ಇಲ್ಲ. ಕಂಬಳಿ ಹೊದ್ದ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ ಹುಟ್ಟಿ, 60 ವ್ಯಾಟಿನ ಬಲ್ಬಿನ ಕೆಳಗೆ ಬೆಳೆದದ್ದು. ಆ ಹೊತ್ತಿಗೆ ಪೆಟ್ಟಿಗೆಯಲ್ಲಿ ನಾಲ್ಕನೇ ಸಲದ ಮೊಟ್ಟೆ ಇದ್ದವು. ಈಗ ನಾನು ಸೋಮವಾರ ಸಂಜೆ ಇಡುತ್ತೇನೆ. ಆಗ ಗುರುವಾರಗಳು 3, 10, 17ನೇ ದಿನಕ್ಕೆ ಬೀಳುತ್ತವೆ, ಮರಿ ಹೊರಬರುವ ದಿನಗಳಿಗೆ ತಾಗುವುದಿಲ್ಲ. ಸೋಮವಾರ 13 ಮರಿ ಬಂದವು. ಮಂಗಳವಾರ ರಾತ್ರಿ ಹತ್ತು ಗಂಟೆಗೆ, ಲೈಟ್ ಹಾಕದೆ, ಒಂದೊಂದಾಗಿ ಮರಿಗಳನ್ನು ತೆಗೆದುಕೊಂಡು ಹೋಗಿ ಆ ಹೇಟೆಯ ರೆಕ್ಕೆ ಕೆಳಗೆ ತುರುಕಿದೆ. ರಾತ್ರಿಯೇ ಮಾಡಬೇಕು, ಹಗಲಿನಲ್ಲಿ ಕೊಟ್ಟರೆ ಕುಟುಕಿ ಸಾಯಿಸಲೂಬಹುದು. ಮೊದಲ ಮರಿ ಇಟ್ಟಾಗ ಅದು ಮೈ ಬಿಗಿ ಮಾಡಿತು. ಮರಿ ಸಣ್ಣಗೆ ಕೂಗಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಗಂಟಲಿನಿಂದ ಆ ಸದ್ದು ಬಂತು. ಕುರ್, ಕುರ್, ಕುರ್. ಊರಿನ ಅಡುಗೆಮನೆ ಮೂಲೆಯಲ್ಲಿ ಕೇಳಿದ್ದೇ ಸದ್ದು, ಒಂದಿಷ್ಟೂ ಬೇರೆಯಿಲ್ಲ. ಕತ್ತಲಲ್ಲಿ ಕೂತು ಕಣ್ಣು ಒದ್ದೆಯಾಯಿತು.

ಬೆಳಿಗ್ಗೆ ಅವ್ವನಿಗೆ ವಿಡಿಯೋ ಕಾಲ್ ಮಾಡಿ ತೋರಿಸಿದೆ. ಹೇಟೆ ಒಂದು ನುಚ್ಚು ಎತ್ತುತ್ತದೆ, ಬೀಳಿಸುತ್ತದೆ, ಕರೆಯುತ್ತದೆ. ಮತ್ತೆ ಎತ್ತುತ್ತದೆ, ಬೀಳಿಸುತ್ತದೆ. ಮರಿಗಳು ಓಡಿ ಬಂದು ತಿನ್ನುತ್ತವೆ. ನಾನು ಹಿಂದಿನ ಮೂರು ಸಲ ಬೆರಳಿನಿಂದ ಕುಟ್ಟಿ ಕುಟ್ಟಿ ತೋರಿಸಿ ಕಲಿಸಿದ್ದ ಕೆಲಸ. ಅವ್ವ ತುಂಬ ಹೊತ್ತು ಮಾತಾಡಲಿಲ್ಲ. "ಯಾರು ಕಲಿಸ್ಯಾರ ಅದಕ್ಕ?" ಅಂದಳು, ನನಗೆ ಅಂತ ಅಲ್ಲ.

ಗುರುವಾರ ಒಂಬತ್ತೂವರೆಗೆ ಕರೆಂಟ್ ಹೋಯಿತು. ಮಳೆ ಸಣ್ಣಗೆ ಹನಿಯುತ್ತಿತ್ತು. ಅಭ್ಯಾಸಬಲದಿಂದ ಎದ್ದು ಬಾಟಲಿ ಹುಡುಕಲು ಹೋದವನು ಹಿಂದಿನ ಬಾಗಿಲ ಹತ್ತಿರವೇ ನಿಂತೆ. ಹೇಟೆ ನುಗ್ಗೆ ಮರದ ಬುಡದಲ್ಲಿ ರೆಕ್ಕೆ ಅಗಲಿಸಿ ಕೂತಿತ್ತು. ಎದೆಯ ಗರಿಯ ನಡುವಿನಿಂದ ಒಂದು ತಲೆ ಹೊರಗೆ ಬಂತು, ಮಳೆ ನೋಡಿ ಒಳಗೆ ಹೋಯಿತು. ಫೋನ್ ಬಂತು. ಅವ್ವ.

"ಹ್ಯಾಟಿ ಎಷ್ಟು, ಹುಂಜ ಎಷ್ಟು?"

"ಇನ್ನೂ ಗೊತ್ತಾಗೋದಿಲ್ಲ ಅವ್ವಾ. ಆರು ವಾರ ಬೇಕು. ಆರು ಏಳು ಹುಂಜ ಅಂತ ಲೆಕ್ಕ ಇಟ್ಟೀನಿ. ವೆಲ್ಹೆದವರಿಗೆ ಈಗಲೇ ಹೇಳೀನಿ."